ಸಾಹೇಬರ ಊರಿನ ಓಟು, ನಮ್ಮ ಮನೆಯ ತೊಟ್ಟಿಲು

ನನ್ನ ಮೊಮ್ಮಗಳ ತೊಟ್ಟಿಲ ಹಗ್ಗಕ್ಕೆ ಹಸಿರು ರಿಬ್ಬನ್ನಿನ ಹೂವೊಂದನ್ನು ಕಟ್ಟಿದ್ದೇವೆ. ಅಂಗೈಯಷ್ಟು ಅಗಲ, ಸುತ್ತಲೂ ನೆರಿಗೆ, ಕೆಳಗೆ ಜೋಲುವ ಎರಡು ಬಾಲ. ಎಚ್ಚರವಿದ್ದಾಗಲೆಲ್ಲ ಅವಳ ಕಣ್ಣು ಅದರ ಮೇಲೆಯೇ. ಕೈಗೆ ಸಿಕ್ಕಿತೋ, ಬಾಯಿಗೆ ಹೋಯಿತು. ಒಂದು ಬಾಲವನ್ನು ಈಗಾಗಲೇ ಚೀಪಿ ಚೀಪಿ ಹುರಿಹಗ್ಗ ಮಾಡಿದ್ದಾಳೆ. ಅವಳ ವಯಸ್ಸಿಗೆ ಇದು ದೊಡ್ಡ ಸಾಧನೆಯೆಂದು ನನ್ನ ಅಭಿಪ್ರಾಯ. ಮನೆಗೆ ಬಂದವರು ಮೊದಲು ಮಗುವನ್ನು ನೋಡಿ, ಆಮೇಲೆ ಇದನ್ನು ನೋಡಿ, ಇದೇನು ಕುದುರೆ ರೇಸಿನ ಬಹುಮಾನವೇ ಎಂದು ಕೇಳುತ್ತಾರೆ. ಅಲ್ಲ, ಚುನಾವಣೆಯದು ಎನ್ನುತ್ತೇನೆ. ಯಾವ ಚುನಾವಣೆ ಎಂದು ಕೇಳುವ ತಪ್ಪನ್ನು ಯಾರಾದರೂ ಮಾಡಿದರೆ ಅವರ ಚಹಾ ತಣ್ಣಗಾಗುವವರೆಗೆ ನಾನು ಬಿಡುವುದಿಲ್ಲ. ಈಗ ನೀವು ಸಿಕ್ಕಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಐದನೇ ಕ್ಲಾಸು ದಾಟಿದವನಲ್ಲ. ನಮ್ಮ ದೇಶದ ಪ್ರಧಾನಿಗಳ ಹೆಸರನ್ನು ಸಾಲಾಗಿ ಹೇಳು ಎಂದರೆ ನಡುವೆ ಇಬ್ಬರನ್ನಾದರೂ ಬಿಡುತ್ತೇನೆ. ನಮ್ಮೂರಿನ ಪಂಚಾಯಿತಿಗೆ ಈಗ ಯಾರು ಅಧ್ಯಕ್ಷರೆಂದು ಕೇಳಿದರೆ ಬಾಯಿ ಬಿಡಬೇಕು. ಈ ಜನ್ಮದಲ್ಲಿ ಒಮ್ಮೆಯೂ ನಾನು ಓಟು ಹಾಕಿದವನಲ್ಲ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋದೆ, ಅಲ್ಲಿಂದ ದೋಹಾಕ್ಕೆ ಬಂದೆ. ಊರಲ್ಲಿ ಓಟು ಇದ್ದಾಗ ನನಗೆ ರಜೆ ಇರಲಿಲ್ಲ, ನನಗೆ ರಜೆ ಸಿಕ್ಕಾಗ ಊರಲ್ಲಿ ಓಟು ಇರಲಿಲ್ಲ. ಇಲ್ಲಂತೂ ನಮ್ಮಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಕೇಳಿದ್ದರೆ ಗಾಬರಿಯಾಗುತ್ತಿತ್ತು. ಇಂಥ ನಾನು, ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ತಲೆಮಾರುಗಟ್ಟಲೆ ಯಾರು ಯಾರಿಗೆ ಓಟು ಹಾಕಿದರು, ಯಾರು ಹಾಕಲಿಲ್ಲ, ಹಾಕಬಾರದವನಿಗೆ ಹಾಕಿದವನ ಮನೆ ಏನಾಯಿತು ಎಂಬುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ವಿದ್ಯೆ ಎಂಬುದು ಯಾರ ಹತ್ತಿರ ಬಂದು ಕೂರಬೇಕೆಂದು ವಿಚಾರಿಸಿ ಬರುವುದಿಲ್ಲ.

ನನ್ನ ಹತ್ತಿರ ಅದು ಬಂದು ಕೂತದ್ದು ಕಾರಿನ ಮುಂದಿನ ಸೀಟಿನಲ್ಲಿ. ಡೆಸ್ಮಂಡ್ ಸಾಹೇಬರು ನಮ್ಮ ಕಂಪೆನಿಯ ಎಂಜಿನಿಯರು, ನಾನು ಅವರ ಡ್ರೈವರು. ಹೆಂಡತಿ ತೀರಿಹೋದ ಮೇಲೆ ಅಬು ಹಮೂರಿನ ಕಾಂಪೌಂಡಿನಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಅವರನ್ನು ಅಲ್ಲಿಂದ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿಗೆ ಬಿಡಬೇಕು, ಸಂಜೆ ವಾಪಸು ತರಬೇಕು. ದೂರ ಹೆಚ್ಚಿಲ್ಲ. ಆದರೆ ಕೆಲಸಗಾರರನ್ನು ತುಂಬಿಕೊಂಡ ಬಸ್ಸುಗಳ ಹಿಂದೆ ಸಿಕ್ಕಿಬಿದ್ದರೆ ಐರ್ಲೆಂಡಿನ ಒಂದು ಶತಮಾನ ಆರಾಮವಾಗಿ ದಾಟಬಹುದು. ಬೇರೆ ಸಾಹೇಬರುಗಳು ಹಿಂದಿನ ಸೀಟಿನಲ್ಲಿ ಪೇಪರು ಬಿಡಿಸುತ್ತಿದ್ದರು. ಇವರು ಮುಂದೆ ಕೂತು ತಮ್ಮ ಊರಿನ ಚುನಾವಣೆಗಳನ್ನು ಬಿಡಿಸುತ್ತಿದ್ದರು. ಅದರ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. ಬರೆದದ್ದನ್ನು ಕೇಳಲು ಮನೆಯಲ್ಲಿ ಯಾರೂ ಇಲ್ಲ. ನಾನೋ, ಸ್ಟಿಯರಿಂಗ್ ಬಿಟ್ಟು ಓಡಿಹೋಗುವ ಹಾಗಿಲ್ಲ.

ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಗೂ ಬಗ್ಗಲಿಲ್ಲ. ಸಾಹೇಬರ ಊರು ಎಂದೇ ಹೇಳುತ್ತೇನೆ. ಒಂದು ಬೀದಿ, ಒಂದು ಸೇತುವೆ, ಎರಡು ಚರ್ಚು, ಚರ್ಚಿಗಿಂತ ಹೆಚ್ಚು ಶರಾಬು ಅಂಗಡಿ. ಆದರೆ ಹಿಂದೊಮ್ಮೆ ಅದು ಪಾರ್ಲಿಮೆಂಟಿಗೆ ತನ್ನದೇ ಮೆಂಬರುಗಳನ್ನು ಕಳಿಸುತ್ತಿದ್ದ ಪಟ್ಟಣ. ಯಾವುದೋ ರಾಜ ಸನ್ನದು ಬರೆದು ಕೊಟ್ಟಿದ್ದ. ಓಟು ಹಾಕುವವರು ಎಷ್ಟು ಜನ ಎಂದುಕೊಂಡಿರಿ? ಒಂದು ಡಜನ್, ಅದರ ಮೇಲೊಬ್ಬ ಯಜಮಾನ. ಊರಿನ ಉಳಿದ ಜನರೆಲ್ಲ ಬೀದಿಯಲ್ಲಿ ನಿಂತು ನೋಡಬಹುದಿತ್ತು. ಆ ಡಜನ್ ಜನರನ್ನು ಆರಿಸುವವನು ಊರಿನ ಜಮೀನಿನ ಒಡೆಯ, ನಮ್ಮ ಕಡೆಯ ಮಾತಿನಲ್ಲಿ ಧಣಿ. ಅವನು ತನ್ನ ತಮ್ಮ, ಭಾವ, ಲೆಕ್ಕ ಬರೆಯುವವ, ಬೇಟೆಗೆ ಜೊತೆ ಬರುವವ, ಹೀಗೆ ಒಳ್ಳೊಳ್ಳೆಯವರನ್ನೇ ಹುಡುಕಿ ಹಾಕುತ್ತಿದ್ದ. ಕೆಲವರಂತೂ ಆ ಊರಿಗೆ ಕಾಲಿಟ್ಟವರೇ ಅಲ್ಲ. ಚುನಾವಣೆಯ ದಿನ ಅವರೆಲ್ಲ ಸೇರಿ ಧಣಿ ಹೇಳಿದ ಹೆಸರನ್ನು ತಾವೇ ಯೋಚಿಸಿದಂತೆ ಹೇಳಿ ಊಟಕ್ಕೆ ಏಳುತ್ತಿದ್ದರು. ಎದುರಾಳಿ ಇಲ್ಲ, ಗಲಾಟೆ ಇಲ್ಲ. ನಿಜ ಹೇಳಬೇಕೆಂದರೆ ಸಾಹೇಬರು ಇದನ್ನು ಹಲ್ಲು ಕಡಿಯುತ್ತ ಹೇಳುವಾಗ ನನಗೆ ಒಳಗೊಳಗೇ ಧಣಿಯ ಮೇಲೆ ಗೌರವ ಬರುತ್ತಿತ್ತು. ಎಷ್ಟು ಅಚ್ಚುಕಟ್ಟು! ನಮ್ಮ ಮನೆಯಲ್ಲಿ ಒಂದು ಸೋಫಾ ತರಬೇಕಾದರೆ ನಡೆಯುವ ಗದ್ದಲವನ್ನು ಕಂಡವನಿಗೆ ಮಾತ್ರ ಆ ಸುಖ ತಿಳಿಯುತ್ತದೆ.

ಆಮೇಲೆ ಕಾನೂನು ಬದಲಾಗಿ, ಸ್ವಲ್ಪ ಒಳ್ಳೆಯ ಮನೆ ಇದ್ದವರಿಗೆಲ್ಲ ಓಟು ಬಂತು. ಆದರೆ ಚೀಟಿ ಇಲ್ಲ. ಚೌಕದಲ್ಲಿ ಹಲಗೆಯ ಕಟ್ಟೆ. ಓಟುಗಾರ ಮೆಟ್ಟಿಲು ಹತ್ತಿ ಎಲ್ಲರ ಎದುರು ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ, ಪಕ್ಕದಲ್ಲಿ ಧಣಿಯ ಏಜಂಟ್ ಕಾಲ ಮೇಲೆ ಕಾಲು ಹಾಕಿ ಕೂತು ಕೇಳಿಸಿಕೊಳ್ಳುತ್ತಾನೆ. ಸಾಹೇಬರ ಮುತ್ತಜ್ಜನ ಅಪ್ಪ ಕುದುರೆಯ ಜೀನು ಹೊಲಿಯುವವನು. ಒಂದು ಸಲ ಅವನು ಮೆಟ್ಟಿಲು ಹತ್ತಿ, ಟೋಪಿ ತೆಗೆದು, ಧಣಿಯ ಮನುಷ್ಯನನ್ನು ಬಿಟ್ಟು ಎದುರಿನವನ ಹೆಸರು ಹೇಳಿದನಂತೆ. ಆ ಚಳಿಗಾಲದೊಳಗೆ ಮನೆ ಬಿಡಿಸಿದರು. ಸಾಹೇಬರು ಈ ಕಥೆ ಎಷ್ಟು ಸಲ ಹೇಳಿದರೂ ಮುದುಕ ಮೆಟ್ಟಿಲು ಇಳಿಯುವುದು ಒಂದೇ ರೌಂಡ್‌ಎಬೌಟಿನಲ್ಲಿ. ಅಲ್ಲಿ ಅವರು ಮುಖ ಕಿಟಕಿಯ ಕಡೆ ತಿರುಗಿಸುತ್ತಿದ್ದರು, ನಾನು ಗೇರ್ ಇಳಿಸುತ್ತಿದ್ದೆ.

ಕಡೆಗೊಮ್ಮೆ ಗುಟ್ಟಿನ ಚೀಟಿ ಬಂತು. ಬಂದದ್ದೇ ಧಣಿಯ ಮನುಷ್ಯ ಸೋತ. ಜನ ಕುಣಿದರು, ಬೆಂಕಿ ಹಾಕಿದರು, ಕುಡಿದರು. ಸ್ವಲ್ಪ ಕಾಲಕ್ಕೆ ಸರ್ಕಾರ ಇಷ್ಟು ಸಣ್ಣ ಊರಿಗೆ ಬೇರೆ ಮೆಂಬರು ಯಾಕೆಂದು ಸೀಟನ್ನೇ ತೆಗೆದು ಜಿಲ್ಲೆಗೆ ಸೇರಿಸಿಬಿಟ್ಟಿತು. ಹೆದರದೆ ಓಟು ಹಾಕುವುದನ್ನು ಕಲಿಯುವಷ್ಟರಲ್ಲಿ ಹಾಕಲು ಓಟೇ ಇಲ್ಲ. ಖಲಾಸ್.

ನೀನು ನಿನ್ನ ಊರಿನದು ಹೇಳು ಎಂದರು ಒಮ್ಮೆ ಸಾಹೇಬರು. ನನಗೆ ನೆನಪಿದ್ದದ್ದು ಒಂದೇ. ನಾನಾಗ ಚಡ್ಡಿಯ ಹುಡುಗ. ನಮ್ಮ ಶಾಲೆಯಲ್ಲಿ ಓಟು, ಹಾಗಾಗಿ ಶಾಲೆಗೆ ರಜೆ. ರಜೆಯ ದಿನ ಶಾಲೆಗೆ ಹೋಗಬೇಕೆಂಬ ಆಸೆ ನನಗೆ ಹುಟ್ಟಿದ್ದು ಆವತ್ತು ಮಾತ್ರ. ಅಮ್ಮನ ಸೆರಗು ಹಿಡಿದು ಹೋದೆ. ನನಗೆ ಮಗ್ಗಿ ತಪ್ಪಿದ್ದಕ್ಕೆ ಏಟು ಬಿದ್ದ ಅದೇ ಮೇಜಿನ ಹಿಂದೆ ಒಬ್ಬರು ಆಫೀಸರು ಕೂತು, ಪಟ್ಟಿ ನೋಡಿ, ಗುಲಾಬಿ ಎಂದು ಕರೆದರು. ಅಮ್ಮ ಕದಲಲಿಲ್ಲ. ಇನ್ನೊಮ್ಮೆ ಕರೆದರು. ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ನಿಂತೇ ಇದ್ದಳು. ಹಿಂದಿದ್ದ ಹೆಂಗಸು ತಿವಿದು, ನಿನ್ನನ್ನೇ ಮಾರಾಯ್ತಿ ಎಂದಾಗ ನಾಚಿಕೊಂಡು ಮುಂದೆ ಹೋದಳು. ಅಮ್ಮನಿಗೂ ಒಂದು ಹೆಸರು ಉಂಟೆಂದು ನನಗೆ ಗೊತ್ತಾದದ್ದು ಆಗಲೇ. ಮನೆಯಲ್ಲಿ ಅಪ್ಪನಿಗೆ ಅವಳು ‘ಏಯ್’, ನಮಗೆ ಅಮ್ಮ, ಊರವರಿಗೆ ಅಪ್ಪನ ಹೆಂಡತಿ. ಸರ್ಕಾರಕ್ಕೆ ಮಾತ್ರ ಅವಳು ಗುಲಾಬಿ. ಅದೂ ಐದು ವರ್ಷಕ್ಕೊಮ್ಮೆ.

ಸಾಹೇಬರು ಆ ದಿನ ತಮ್ಮ ಊರಿನ ವಿಷಯ ಎತ್ತಲಿಲ್ಲ. ಇಳಿಯುವಾಗ, ನಿನ್ನ ತಾಯಿಯ ಹೆಸರು ಚೆನ್ನಾಗಿದೆ ಎಂದರು. ನನಗೂ ಹಾಗೆಯೇ ಅನಿಸಿತು. ಯಾರೂ ಬಳಸದೆ ಇಟ್ಟ ಒಳ್ಳೆಯ ಪಾತ್ರೆಯ ಹಾಗೆ ಹೊಚ್ಚ ಹೊಸತಾಗಿಯೇ ಉಳಿದ ಹೆಸರು.

ಎಲ್ಲಿದ್ದೆ? ಹೌದು, ಮೊಮ್ಮಗಳು. ಇದೆಲ್ಲ ಅವಳ ವಿಷಯಕ್ಕೇ ಹೇಳಿದ್ದು. ನನ್ನ ಮಗ ಸುಧಾಕರ, ಸೊಸೆ ವೀಣಾ ಐನ್ ಖಾಲಿದಿನಲ್ಲಿ ಒಂದು ವಿಲ್ಲಾದ ತುಂಡು ಹಿಡಿದು ಇದ್ದಾರೆ. ಕಂಪೆನಿಯ ಕ್ಯಾಂಪ್ ಬಿಟ್ಟು ನಾನೂ ಈಗ ಅವರ ಜೊತೆಗೆ. ಮಗು ಹುಟ್ಟಿದ ಸುದ್ದಿ ಬಂದಾಗ ನಾನು ಸಾಹೇಬರನ್ನು ಕರೆದುಕೊಂಡು ವರ್ಕ್‌ಶಾಪಿಗೆ ಹೊರಟವನು. ಕಾರು ನಿಲ್ಲಿಸಿ ನೋಡಿದರೆ ಎದುರಿಗೆ ಹೆರಿಗೆ ಆಸ್ಪತ್ರೆ. ತಿರುಗಿಸಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಸಾಹೇಬರು ವಾಚ್ ನೋಡಿಕೊಂಡರು, ಟೈ ಸರಿಮಾಡಿಕೊಂಡರು, ನನ್ನ ಹಿಂದೆಯೇ ಬಂದು ಗಾಜಿನಾಚೆಯ ಮಗುವಿಗೆ ತಲೆ ಬಾಗಿಸಿದರು. ಅದು ಆಕಳಿಸಿತು. ಅಷ್ಟು ಚಂದದ ಆಕಳಿಕೆಯನ್ನು ನಾನು ಬೇರೆ ಯಾವ ಮಗುವಿನ ಬಾಯಲ್ಲೂ ಕಂಡಿಲ್ಲ. ನನ್ನ ಮಕ್ಕಳ ಬಾಯಲ್ಲಂತೂ ಕಾಣಲು ನಾನು ಊರಲ್ಲೇ ಇರಲಿಲ್ಲ.

ಬಾಣಂತನಕ್ಕೆ ಊರಿಂದ ಇಬ್ಬರು ಬಂದರು. ನನ್ನ ಹೆಂಡತಿ, ಮತ್ತು ವೀಣಾಳ ತಾಯಿ ಸರೋಜಕ್ಕ. ಎರಡು ಮನೆಯ ಕಷಾಯ, ಎರಡು ಬಗೆಯ ಎಣ್ಣೆ, ಒಬ್ಬಳೇ ಬಾಣಂತಿ. ಅದು ಹೇಗೋ ನಡೆಯಿತು. ನಡೆಯದೆ ನಿಂತದ್ದು ಹೆಸರಿನ ಪ್ರಶ್ನೆ. ಬರ್ತ್ ಸರ್ಟಿಫಿಕೇಟಿಗೆ ಹೆಸರು ಬೇಕು, ಪಾಸ್‌ಪೋರ್ಟಿಗೆ ಬೇಕು, ತೊಟ್ಟಿಲು ಹಾಕುವ ದಿನವೂ ಹತ್ತಿರ ಬಂತು. ಗುಲಾಬಿ ಎಂದು ನಾನು ಹೇಳಿದೆ. ಹೇಳಿ, ಕೆಲಸ ಮುಗಿಯಿತೆಂದು ಟವೆಲು ಕೊಡವಿದೆ.

“ಮಾವ, ನಾವು ನಿಖಿತಾ ಅಂತ ಇಡುವಾ ಅಂತ ಇದ್ದೇವೆ,” ಎಂದಳು ವೀಣಾ, ಮೆತ್ತಗೆ. “ಗುಲಾಬಿ ಅಂದ್ರೆ ಇಲ್ಲಿಯ ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡ್ತಾರೆ.”

ನಿಖಿತಾ ಎಂದರೆ ಏನು ಎಂದು ಕೇಳಿದೆ. ಹೆಸರಿನ ಪುಸ್ತಕದಲ್ಲಿ ಉಂಟು ಎಂದಳು. ಪುಸ್ತಕದಲ್ಲಿ ಇರುವುದೆಲ್ಲ ಮನೆಯಲ್ಲಿ ಇರಬೇಕೆಂದು ಉಂಟಾ ಎಂದೆ. ಆಗ ಸರೋಜಕ್ಕ ಅಡುಗೆಮನೆಯಿಂದಲೇ ಸ್ವರ ತೆಗೆದರು. “ಗುಲಾಬಿ ಒಳ್ಳೆ ಹೆಸರೇ ಅಣ್ಣ. ನಮ್ಮ ನೆರೆಮನೆಯ ಎಮ್ಮೆಗೆ ಅದೇ ಹೆಸರು.” ಹಾಲು ಎಷ್ಟು ಕೊಡುತ್ತದೆ ಎಂದು ನಾನು ಮರ್ಯಾದೆಯಿಂದ ವಿಚಾರಿಸಿದೆ. ಈ ನಡುವೆ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಮಗುವಿನ ನೆತ್ತಿಗೆ ಎಣ್ಣೆ ಇಡುತ್ತಿದ್ದವಳು ಇನ್ನೂ ಸ್ವಲ್ಪ ಇಟ್ಟಳು. ಅವಳು ಮಾತಾಡದಿದ್ದರೆ ಒಪ್ಪಿದ್ದಾಳೆಂದು ಅರ್ಥ. ಹಾಗೆಂದು ನಾನು ಮದುವೆಯಾದಾಗಲೇ ಗೊತ್ತುಮಾಡಿಕೊಂಡಿದ್ದೆ.

ನನಗೆ ಆ ಹೆಸರಿನ ಹಟ ಯಾಕೆಂದು ಯಾರೂ ಕೇಳಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ. ಅಮ್ಮ ಹೋದಾಗ ನನಗೆ ರಜೆ ಸಿಗಲಿಲ್ಲ. ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಅವಳ ಮಂಚವನ್ನೂ ಎತ್ತಿ ಅಟ್ಟಕ್ಕೆ ಹಾಕಿದ್ದರು. ಆ ಹೆಸರನ್ನು ಇನ್ನು ಮೇಲಾದರೂ ಮನೆಯೊಳಗೆ ದಿನವಿಡೀ ಯಾರಾದರೂ ಕೂಗಬೇಕು. ಊಟಕ್ಕೆ ಬಾ ಎಂದು, ಬೀಳ್ತಿ ನೋಡು ಎಂದು, ಸುಮ್ಮನೆ ಮುದ್ದಿಗೆ ಕೂಗಬೇಕು. ನನ್ನ ಆಸೆ ಇಷ್ಟೇ. ಅದನ್ನು ಬಾಯಿಬಿಟ್ಟು ಹೇಳುವ ಬದಲು, ಹಿರಿಯರ ಹೆಸರು ಇಡುವುದು ನಮ್ಮ ಪದ್ಧತಿ ಎಂದು ಭಾಷಣ ಮಾಡಿದೆ.

ಆ ದಿನಗಳಲ್ಲೇ ಕತಾರಿನವರಿಗೆ ಮುನ್ಸಿಪಲ್ ಕೌನ್ಸಿಲಿನ ಓಟು ಬಂದಿತ್ತು. ಹೆಂಗಸರೂ ಓಟು ಹಾಕುತ್ತಾರೆಂದು ಊರೆಲ್ಲ ಅದೇ ಮಾತು. ಅಭ್ಯರ್ಥಿಗಳ ಫೋಟೊ ಕಂಡಲ್ಲೆಲ್ಲ ಸಾಹೇಬರು ಕಾರು ನಿಲ್ಲಿಸಲು ಹೇಳಿ ಹೊಸ ಮದುಮಗನ ಹಾಗೆ ನಗುತ್ತಿದ್ದರು. ಮನೆಯ ಜಗಳವನ್ನು ನನ್ನಿಂದ ಕೇಳಿದ ಅವರು, ಹಾಗಾದರೆ ನೀವೂ ಓಟು ಹಾಕಿ ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಇಷ್ಟು ವರ್ಷ ಪೆಟ್ರೋಲಿನ ಜೊತೆ ಕುಡಿದ ವಿದ್ಯೆ ಇನ್ನು ಯಾವಾಗ ಉಪಯೋಗಕ್ಕೆ ಬರಬೇಕು?

ಮನೆಯಲ್ಲಿ ಎಲ್ಲರೂ ಒಪ್ಪಿದರು. ವೀಣಾ ಆಗಲೇ ಒಂದು ಸ್ಟೀಲ್ ಡಬ್ಬ ತಂದು, ಚೀಟಿ ಬರೆದು ಹಾಕುವಾ ಮಾವ ಎಂದಳು. ನಾನು ನಕ್ಕೆ. ಚೀಟಿ ಬಂದ ಊರಲ್ಲಿ ಧಣಿಗೆ ಏನಾಗುತ್ತದೆಂದು ಅವಳಿಗೇನು ಗೊತ್ತು? ಒಂದೇ ಮನೆಯವರೊಳಗೆ ಗುಟ್ಟು ಯಾಕಮ್ಮ, ಬಾಯಿಬಿಟ್ಟು ಹೇಳುವಾ, ಐರ್ಲೆಂಡಿನಲ್ಲಿ ಮಾಡಿದ ಹಾಗೆ ಎಂದೆ. ಬಾಯಿಬಿಟ್ಟು ಹೇಳಬೇಕಾದರೆ ಯಾರಿಗೆ ಹಿಂಜರಿಕೆ ಬರುತ್ತದೆ? ಮಗನಿಗೆ, ಸೊಸೆಗೆ. ಧಣಿಯ ಎದುರು ನಿಂತು ಬೇರೆ ಹೆಸರು ಹೇಳಲು ಜೀನು ಹೊಲಿಯುವ ಮುದುಕನ ಎದೆ ಬೇಕು. ನನ್ನ ಲೆಕ್ಕ ಹಾಗಿತ್ತು.

ಪ್ರಚಾರವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆ. ನನ್ನ ಮಗಳು ಜಯಂತಿ ದೋಹಾದಲ್ಲೇ ಇದ್ದಾಳೆ, ಮಗುವಿಗೆ ಸೋದರತ್ತೆ. ತೊಟ್ಟಿಲು ಹಾಕುವಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ಅವಳಿಗೆ ಹಲ್ವಾ ಕೊಂಡುಹೋದೆ. ಅಜ್ಜಿಯ ಹೆಸರಲ್ವಾ ಅಪ್ಪ, ಹಲ್ವಾ ಇಲ್ಲದಿದ್ದರೂ ಹೇಳ್ತಿದ್ದೆ ಎಂದು ಹಲ್ವಾ ಒಳಗಿಟ್ಟಳು. ಸುಧಾಕರನನ್ನು ಮಲಯಾಳಿಯ ಕೆಫೆಟೀರಿಯಾಕ್ಕೆ ಕರೆದುಕೊಂಡು ಹೋಗಿ ಕರಕ್ ಚಾಯ್ ಕುಡಿಸಿ, ನಿನ್ನ ಅಜ್ಜಿ ನಿನ್ನನ್ನು ಹೇಗೆ ಹೆಗಲ ಮೇಲೆ ಹೊತ್ತಿದ್ದಳು ಗೊತ್ತಾ ಎಂದು ಶುರುಮಾಡಿದೆ. ಅವನು ಇನ್ನೊಂದು ಚಾಯ್ ಕುಡಿದು, ನನಗೆ ಎರಡೂ ಓಕೆ ಅಪ್ಪ ಎಂದ. ಸರೋಜಕ್ಕನನ್ನು ಸಂಜೆ ಸಮುದ್ರದ ಬದಿಯ ಕೋರ್ನಿಶ್ ರಸ್ತೆಯಲ್ಲಿ ಸುತ್ತಾಡಿಸಿದೆ. ಅವರು ದೋಣಿ ನೋಡಿದರು, ಗಾಳಿ ತಿಂದರು, ನಾನು ತೆಗೆದುಕೊಟ್ಟ ಕಡಲೆಯನ್ನೂ ತಿಂದರು, ಇಳಿಯುವಾಗ ನಿಖಿತಾಳಿಗೂ ಒಮ್ಮೆ ತೋರಿಸಬೇಕು ಅಣ್ಣ ಎಂದರು. ನನ್ನ ಹೆಂಡತಿಗೆ ಏನನ್ನೂ ಕೊಡಲಿಲ್ಲ, ಕೇಳಲೂ ಇಲ್ಲ. ಧಣಿ ತನ್ನ ಒಡಹುಟ್ಟಿದ ತಮ್ಮನ ಹತ್ತಿರ ಓಟು ಕೇಳಿದನೆಂದು ಸಾಹೇಬರು ಎಂದೂ ಹೇಳಿರಲಿಲ್ಲ.

ಶುಕ್ರವಾರ ಊಟವಾದ ಮೇಲೆ ಎಲ್ಲರೂ ಹಾಲಿನಲ್ಲಿ ಸೇರಿದೆವು. ಚುನಾವಣಾಧಿಕಾರಿ ಡೆಸ್ಮಂಡ್ ಸಾಹೇಬರು. ಕೋಟು ಹಾಕಿಕೊಂಡು ಬಂದಿದ್ದರು. ತಾವೇ ರಾತ್ರಿ ಕೂತು ಹೊಲಿದ ಆ ರಿಬ್ಬನ್ ಹೂವನ್ನು, ತಮ್ಮೂರಿನಲ್ಲಿ ಆಗ ಎರಡೂ ಕಡೆಯವರು ಎದೆಗೆ ಇಂಥದ್ದು ಸಿಕ್ಕಿಸುತ್ತಿದ್ದರೆಂದು ಹೇಳಿ, ಯಾರ ಪಕ್ಷಕ್ಕೂ ಕೊಡದೆ ಮಗುವಿನ ಹೊದಿಕೆಗೆ ಸಿಕ್ಕಿಸಿದರು. ಅಟ್ಟದ ಡಬ್ಬ ತೆಗೆಯಲು ವೀಣಾ ಹತ್ತುವ ಎರಡು ಮೆಟ್ಟಿಲಿನ ಸ್ಟೂಲೇ ನಮ್ಮ ಕಟ್ಟೆ. ಹತ್ತಬೇಕು, ಹೆಸರು ಹೇಳಬೇಕು, ಇಳಿಯಬೇಕು. ಬಾಣಂತಿಗೆ ಮಾತ್ರ ಕೂತಲ್ಲಿಂದಲೇ ಹೇಳಲು ಪರವಾನಗಿ.

ಮೊದಲು ನಾನು ಹತ್ತಿದೆ. ಗುಲಾಬಿ ಎಂದೆ. ಎಲ್ಲರ ಎದುರು, ಅಷ್ಟು ಗಟ್ಟಿಯಾಗಿ, ನನ್ನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲೆಂದು ಹೇಳಿದ ಮೇಲೆ ಗೊತ್ತಾಯಿತು. ಸ್ವರ ಸ್ವಲ್ಪ ಒಡೆಯಿತು. ಏಸಿಯ ತಂಪಿಗೆ ಇರಬೇಕು. ಜಯಂತಿಯೂ ಗುಲಾಬಿ ಎಂದಳು. ಸರೋಜಕ್ಕ ಸ್ಟೂಲಿಗೆ ಒಂದು ಕಾಲು ಮಾತ್ರ ಇಟ್ಟು ನಿಖಿತಾ ಎಂದರು. ವೀಣಾ ಕೂತಲ್ಲಿಂದ, ನನ್ನ ಮುಖ ನೋಡಿಕೊಂಡೇ, ನಡುಗದೆ ನಿಖಿತಾ ಎಂದಳು. ನನ್ನ ಲೆಕ್ಕದ ಮೊದಲ ತಪ್ಪು ಅದು. ಸುಧಾಕರ ಹತ್ತಿ ನನ್ನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಎರಡೂ ಓಕೆ ಎಂದ. ಆ ಹೆಸರಿನ ಅಭ್ಯರ್ಥಿ ಯಾರೂ ಇಲ್ಲವೆಂದು ಸಾಹೇಬರು ಅವನನ್ನು ಇಳಿಸಿದರು. ಎರಡು ಕಡೆಗೂ ಸಮ ಸಮ. ಉಳಿದದ್ದು ನನ್ನ ಹೆಂಡತಿ. ನಾನು ಕಾಲ ಮೇಲೆ ಕಾಲು ಹಾಕಿದೆ.

ಅವಳು ಸೆರಗು ಸರಿಮಾಡಿಕೊಂಡು ಹತ್ತಿದಳು. ಬಾಯಿ ತೆರೆದಳು, ಮುಚ್ಚಿದಳು. ಸಾಹೇಬರು ಕಾದರು.

“ನನ್ನದು ಇವರದ್ದೇ,” ಎಂದಳು ಕಡೆಗೆ.

ಆಯಿತು ಖಲಾಸ್, ಎಂದು ನಾನು ಎದ್ದೆ. ಆದರೆ ಸಾಹೇಬರು, ಸುಧಾಕರನಿಂದ ಅರ್ಥ ಕೇಳಿಕೊಂಡು, ಅಡ್ಡಡ್ಡ ತಲೆಯಾಡಿಸಿದರು. ಮಾಫಿ, ಅಂದರೆ ನಡೆಯುವುದಿಲ್ಲ. ಹೆಸರು ಹೇಳಬೇಕು. ಇನ್ನೊಬ್ಬನ ಓಟೇ ನನ್ನದು ಎಂದರೆ ತಮ್ಮೂರಿನ ಗುಮಾಸ್ತ ಬರೆದುಕೊಳ್ಳುತ್ತಿರಲಿಲ್ಲ, ತಾವೂ ಬರೆದುಕೊಳ್ಳುವುದಿಲ್ಲ. ಸಾಹೇಬರೇ, ಅವಳ ಮನಸ್ಸು ನನಗೆ ಗೊತ್ತು ಎಂದೆ. ಧಣಿಗಳೆಲ್ಲ ಹಾಗೆಯೇ ಹೇಳುತ್ತಿದ್ದರು ಎಂದರು ಅವರು. ಐರ್ಲೆಂಡಿನ ಕಾನೂನನ್ನು ಈ ಮನೆಗೆ ತಂದವನು ನಾನೇ. ಹೇಳು, ಒಂದು ಮಾತಲ್ವಾ, ಯಲ್ಲಾ, ಬೇಗ ಎಂದು ಹೆಂಡತಿಯನ್ನು ಅವಸರಿಸಿದೆ.

ಜಯಂತಿಗೆ ನಗು ತಡೆಯಲಿಲ್ಲ. “ಅಪ್ಪ, ಅಮ್ಮ ಅಜ್ಜಿಯ ಹೆಸರು ಹೇಳುವುದಿಲ್ಲ. ನಿಮಗೆ ಇಷ್ಟರವರೆಗೆ ಗೊತ್ತೇ ಇಲ್ವಾ?”

ಗೊತ್ತಿರಲಿಲ್ಲ. ಗಂಡನ ಹೆಸರು, ಅತ್ತೆಯ ಹೆಸರು ಹೇಳದ ಹೆಂಗಸರು ಊರಲ್ಲಿ ಇದ್ದಾರೆಂದು ಗೊತ್ತಿತ್ತು, ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆಂದು ಗೊತ್ತಿರಲಿಲ್ಲ. ಅದು ತಿಳಿಯಬೇಕಾದರೆ ಮನೆಯಲ್ಲಿ ಇರಬೇಕಲ್ಲ. ಮಕ್ಕಳಿಗೆ ಗೊತ್ತಿತ್ತು. ಅಂಗಳದ ಹೂವನ್ನು ಅವಳು ‘ಮುಳ್ಳಿನ ಹೂ’ ಎನ್ನುತ್ತಿದ್ದಳಂತೆ. ಆ ಬಣ್ಣದ ಸೀರೆ ಬೇಕಾದರೆ ಅಂಗಡಿಯವನಿಗೆ ಕೆಂಪಿಗೆ ಹಾಲು ಹಾಕಿದ ಹಾಗೆ ಇರುವುದು ಎನ್ನುತ್ತಿದ್ದಳಂತೆ. ನಾನು ಎರಡು ವರ್ಷಕ್ಕೊಮ್ಮೆ ಅತ್ತರು ಹಚ್ಚಿಕೊಂಡು ಬರುವವನು. ನನಗೆ ಸಿಕ್ಕಿದ್ದು ಜಾಮೂನು. ಅದಕ್ಕೆ ಮೊದಲು ಒಂದು ಮಾತು ಇರುತ್ತದೆ, ಅದನ್ನು ಅವಳು ನುಂಗುತ್ತಾಳೆ ಎಂದು ಜಾಮೂನು ತಿನ್ನುವವನಿಗೆ ಹೇಗೆ ತಿಳಿಯಬೇಕು?

ಅವಳು ಸ್ಟೂಲಿನ ಮೇಲೆಯೇ ನಿಂತಿದ್ದಳು. ಸಾಹೇಬರ ಎದುರು, ಬೀಗಿತ್ತಿಯ ಎದುರು, ನನಗಿಂತ ಎರಡು ಮೆಟ್ಟಿಲು ಎತ್ತರದಲ್ಲಿ.

“ಅತ್ತೆಯ ಜೊತೆ ಇದ್ದದ್ದು ನಾನು,” ಎಂದಳು. “ನೀವು ನೆಂಟರ ಹಾಗೆ ಬಂದು ಹೋದವರು. ಒಂದೇ ಅಡುಗೆಮನೆಯಲ್ಲಿ ಅಷ್ಟು ವರ್ಷ ಇದ್ದೆವು, ಅವರ ಬಾಯಿಗೆ ಕಡೆಯ ನೀರು ಬಿಟ್ಟದ್ದೂ ನಾನೇ. ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ಇನ್ನು ಬರುವುದೂ ಇಲ್ಲ. ಈ ಮಗು ಒದ್ದೆ ಮಾಡಿದ್ರೆ ಆ ಹೆಸರು ಹಿಡಿದು ಬೈಯ್ಲಿಕ್ಕೆ ಆಗ್ತದಾ ನನಗೆ? ಮಕ್ಕಳನ್ನು ಕರೆದು ಕರೆದು ದೊಡ್ಡ ಮಾಡಿದ್ದು ನಾನೊಬ್ಬಳೇ. ನನ್ನ ಮೊಮ್ಮಗಳನ್ನು ನನಗೆ ಕರೀಬೇಕು.”

ಆಮೇಲೆ ಸಾಹೇಬರ ಕಡೆ ತಿರುಗಿ, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಕೈ ಕಟ್ಟಿ, ನಿಖಿತಾ ಎಂದಳು.

ಸುಧಾಕರ ಇಷ್ಟನ್ನೂ ಇಂಗ್ಲಿಷಿಗೆ ಹಾಕುವಷ್ಟರಲ್ಲಿ ಸಾಹೇಬರ ಮುಖ ಆ ರೌಂಡ್‌ಎಬೌಟಿನಲ್ಲಿ ಆಗುವ ಹಾಗೆ ಆಗಿತ್ತು. ಎದ್ದು ಬಂದು ಅವಳಿಗೆ ಕೈ ಕೊಟ್ಟು ಇಳಿಸಿದರು. ಪರಗಂಡಸಿನ ಕೈ ಹಿಡಿದು ಅವಳೂ ಇಳಿದಳು, ನನ್ನ ಕಡೆ ನೋಡಲಿಲ್ಲ. ಫಲಿತಾಂಶವನ್ನು ಸಾಹೇಬರು ನಿಂತುಕೊಂಡೇ ಘೋಷಿಸಿದರು. ಸೋತ ಧಣಿ ಗೆದ್ದವರಿಗೆಲ್ಲ ಚಹಾ ಮಾಡಿ ಕೊಟ್ಟದ್ದನ್ನು ತಾವು ಯಾವ ಕಾಗದದಲ್ಲೂ ಓದಿಲ್ಲವೆಂದು ಆಮೇಲೆ ನನ್ನ ಬೆನ್ನು ತಟ್ಟಿದರು. ನಾನು ಅಡುಗೆಮನೆಗೆ ಹೋದದ್ದು ಮುಖ ತೊಳೆಯಲಿಕ್ಕೆ. ಅಲ್ಲಿ ಯಾರಾದರೂ ಬಂದಾರೆಂದು ಚಹಾಕ್ಕೆ ಇಟ್ಟೆ, ಅಷ್ಟೇ.

ಎರಡು ದಿನ ಧಣಿಯ ಗತ್ತಿನಲ್ಲೇ ಮುಖ ಊದಿಸಿಕೊಂಡಿದ್ದೆ. ಯಾರೂ ಗಮನಿಸದೆ ಇದ್ದುದರಿಂದ ಬಿಟ್ಟೆ. ಮೂರನೆಯ ಬೆಳಿಗ್ಗೆ ಹೆಂಡತಿ ಮಗುವಿನ ಬಟ್ಟೆ ಹಿಂಡುವಾಗ ಹತ್ತಿರ ಹೋಗಿ, ವೀಣಾ ಹೇಳಿದ ಹಾಗೆ ಚೀಟಿ ಹಾಕಿದ್ದರೆ ಏನು ಬರೀತಿದ್ದೆ ಎಂದು ಕೇಳಿದೆ. ಬರೆಯಲಿಕ್ಕೆ ಬಾಯಿ ಬೇಡವಲ್ಲ.

ಅವಳು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ನೀರು ನನ್ನ ಮುಖಕ್ಕೆ ಹಾರಿತು.

“ಅದು ಗುಟ್ಟಲ್ವಾ?” ಎಂದಳು.

ತೊಟ್ಟಿಲು ಹಾಕಿದೆವು. ಜಯಂತಿ ಬಗ್ಗಿ ಮಗುವಿನ ಕಿವಿಯಲ್ಲಿ ನಿಖಿತಾ ಎಂದು ಮೂರು ಸಲ ಹೇಳಿದಳು. ಸಾಹೇಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಳೆಲೆಯ ಊಟ ಮಾಡಿ, ಏಳಲಾಗದೆ ಇಬ್ಬರ ಕೈ ಹಿಡಿದು ಎದ್ದರು. ಎಲ್ಲರಿಗೂ ಬಡಿಸಿದ್ದು ಜಾಮೂನು. ಬರೀ ಜಾಮೂನು.

ಇದಾಗಿ ತಿಂಗಳುಗಳು ಕಳೆದವು. ಸರೋಜಕ್ಕ ಊರಿಗೆ ಹೋದರು, ನನ್ನ ಹೆಂಡತಿಯ ವೀಸಾವನ್ನು ಸುಧಾಕರ ಮತ್ತೆ ಮಾಡಿಸಿದ. ಮೊಮ್ಮಗಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅವುಗಳ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬಹುದು, ಆದರೆ ನಿಮಗೂ ಕೆಲಸವಿರುತ್ತದೆ. ಈಗ ಹೇಳಬೇಕಾದದ್ದು ಇಷ್ಟೇ. ಅಷ್ಟು ಹೋರಾಡಿ ಗೆದ್ದ ವೀಣಾ ಮಗಳನ್ನು ನಿಕ್ಕಿ ಎನ್ನುತ್ತಾಳೆ. ಸುಧಾಕರನಿಗೆ ಅವಳು ‘ಬೇಬಿ’. ಸರೋಜಕ್ಕ ಫೋನಿನಲ್ಲಿ ‘ಚಿನ್ನು ಎಲ್ಲಿ’ ಎಂದು ಕೂಗುತ್ತಾರೆ. ಮೊಮ್ಮಗಳನ್ನು ಹೆಸರು ಹಿಡಿದು ಕರೆಯಬೇಕೆಂದು ಸ್ಟೂಲು ಹತ್ತಿದ ನನ್ನ ಹೆಂಡತಿ ಬೆಳಗಿನಿಂದ ರಾತ್ರಿಯವರೆಗೆ ಕರೆಯುವುದು ಬಾಲೆ ಎಂದು. ತುಳುವಿನಲ್ಲಿ ಹಾಗೆಂದರೆ ಬರೀ ಮಗು. ಕೇಳಿದರೆ, ಕರೀಬೇಕು ಅನ್ನಿಸಿದಾಗ ಕರೀತೇನೆ, ಈಗ ಕರೀಲಿಕ್ಕೆ ಆಗ್ತದಲ್ಲ, ಅಷ್ಟು ಸಾಕು ಎನ್ನುತ್ತಾಳೆ.

ಗೆದ್ದವರ ಸಂಗತಿ ಹೀಗಿದೆ. ನಾನು ಸೋತವನು, ಚುನಾವಣೆಯ ಮರ್ಯಾದೆ ಬಲ್ಲವನು. ಸಂಜೆ ಸಾಹೇಬರನ್ನು ಬಿಟ್ಟು ಮನೆಗೆ ಬಂದವನೇ ಚಪ್ಪಲಿ ಕಳಚುವ ಮೊದಲೇ ಬಾಗಿಲಲ್ಲಿ ನಿಂತು, ಒಂದಕ್ಷರವನ್ನೂ ಬಿಡದೆ, ನಿಖಿತಾ ಎಂದು ಕೂಗುತ್ತೇನೆ. ಈ ಮನೆಯಲ್ಲಿ ಅವಳನ್ನು ಪೂರ್ತಿ ಹೆಸರು ಹಿಡಿದು ಕರೆಯುವವನು ನಾನೊಬ್ಬನೇ. ಒಳಗಿಂದ ಅವಳು ಎರಡು ಹಲ್ಲು ತೋರಿಸಿಕೊಂಡು, ಅಂಗೈ ನೆಲಕ್ಕೆ ಬಡಿಯುತ್ತ, ನನ್ನ ಕಡೆಗೆ ತೆವಳಿಕೊಂಡು ಬರುತ್ತಾಳೆ.